ಕೆಲಸ ಸಿಕ್ಕಿತು, ಆಮೇಲೆ?



2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು, ಆಗಸ್ಟ್ 30ರಂದು ಗೃಹಲಕ್ಷ್ಮಿ. ಬಸ್ಸಿನ ಖರ್ಚು ತಪ್ಪಿತು, ಮನೆ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಎಂದಾಯಿತು. ದೇವದುರ್ಗ, ಮಾನ್ವಿ ಕಡೆಯ ಬಡ ಹೆಣ್ಣುಮಕ್ಕಳಿಗೂ ರಾಯಚೂರಿನ ಅಂಗಡಿ, ಆಸ್ಪತ್ರೆ, ಹತ್ತಿ ಮಿಲ್ಲುಗಳ ಕೆಲಸಕ್ಕೆ ದಿನವೂ ಹೋಗಿಬರುವ ದಾರಿ ತೆರೆಯಿತು. ಒಳ್ಳೆಯದೇ. ಆದರೆ ಸೇರಿದ ಕೆಲಸ ಎಷ್ಟೋ ಜನರ ಕೈಯಲ್ಲಿ ಉಳಿಯುವುದಿಲ್ಲವಲ್ಲ, ಏಕೆ?

"ರಜೆ ಜಾಸ್ತಿ ಹಾಕುತ್ತಾರೆ" ಎನ್ನುತ್ತಾರೆ ಮಾಲೀಕರು. ಸಂಘದ ಸಭೆಯಲ್ಲಿ ಕೂತು ಕೇಳಿದರೆ ಬೇರೆಯೇ ಕಥೆ. ಸಂಜೆ ಬಸ್ಸು ತಡವಾದರೆ ಅನುಮಾನ, ಅನುಮಾನಕ್ಕೆ ಹೊಡೆತ. ಮುಖದ ಬಾವು ಇಳಿಯುವವರೆಗೆ ಮನೆಯಲ್ಲಿ ಇರಬೇಕು. ಅದೇ ಆ "ರಜೆ". ಕೆಲವರ ಗಂಡಂದಿರು ಕೆಲಸದ ಜಾಗಕ್ಕೇ ಬಂದು ಗಲಾಟೆ ಮಾಡುತ್ತಾರೆ. ಗಲಾಟೆ ಮಾಡಿದವನು ಅವನು, ಕೆಲಸ ಕಳೆದುಕೊಳ್ಳುವವಳು ಈಕೆ! ಇನ್ನು ಕೆಲಸ ಬಿಡಬೇಡ ಎನ್ನುವ ಮನೆಗಳೂ ಉಂಟು. ಅಲ್ಲಿ ಸಂಬಳದ ದಿನ ಅತ್ತೆಯ ಕೈ ಮುಂದೆ ಚಾಚಿರುತ್ತದೆ. ಮದುವೆಯಲ್ಲಿ ಕೊಟ್ಟ ವರದಕ್ಷಿಣೆ ಒಂದು ಸಲದ್ದು, ಇದು ತಿಂಗಳು ತಿಂಗಳಿನದು.

ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯ್ದೆಯ ಕೆಳಗೆ ಹೆಂಡತಿಯ ದುಡಿಮೆ ಕಿತ್ತುಕೊಳ್ಳುವುದು, ಕೆಲಸಕ್ಕೆ ಹೋಗದಂತೆ ತಡೆಯುವುದು ಸಹ ದೌರ್ಜನ್ಯ. ಆಕೆ ದುಡಿಯುವ ಜಾಗಕ್ಕೆ ಅವನು ಕಾಲಿಡಕೂಡದೆಂದು 18ನೇ ಕಲಮಿನಡಿ ಮ್ಯಾಜಿಸ್ಟ್ರೇಟರು ಆದೇಶ ಮಾಡಬಹುದು. ಇದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ದೂರು ಕೊಡಲು ದೂರ ಹೋಗಬೇಕಿಲ್ಲ. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ, ಅಂದರೆ ಅಂಗನವಾಡಿ ನೋಡಿಕೊಳ್ಳುವ ಸಿಡಿಪಿಒ ಅವರೇ, ಸಂರಕ್ಷಣಾಧಿಕಾರಿ. ವಕೀಲರ ಫೀಸಿಗೂ ಹೆದರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಉಚಿತ ನೆರವು ಇದೆ.

ಕೆಲಸ ಉಳಿದರಷ್ಟೇ ಸಾಲದು, ಮೇಲೇರಲೂ ಬೇಕು. ಅಂಗನವಾಡಿ ಸಹಾಯಕಿ ಕಾರ್ಯಕರ್ತೆಯಾಗಬಹುದು. ಓದಿನ ಪ್ರಮಾಣಪತ್ರ ಬೇಕು. ಓದು ಅರ್ಧಕ್ಕೆ ಬಿಟ್ಟು ಮದುವೆಯಾದವಳ ಪರೀಕ್ಷೆ ಫೀಸಿಗೆ ನಮ್ಮ ಸಂಘ ಎಂದಾದರೂ ಸಾಲ ಕೊಟ್ಟಿದೆಯೇ? ಎಮ್ಮೆಗೆ ಕೊಡುತ್ತೇವೆ. ಮಗಳ ಮದುವೆಗೂ ಕೊಡುತ್ತೇವೆ, ಅದರಲ್ಲಿ ವರದಕ್ಷಿಣೆ ಎಷ್ಟೆಂದು ಮಾತ್ರ ಕೇಳುವುದಿಲ್ಲ.

ಕೂಸು ಬಿಡಲು ಜಾಗವಿಲ್ಲದೆ ಕೆಲಸ ಬಿಟ್ಟವರೂ ಇದ್ದಾರೆ. 2023ರಲ್ಲಿ ಸರ್ಕಾರ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯಲು ಹೊರಟಿತು. ನಿಮ್ಮೂರಿನಲ್ಲಿ ಅದರ ಬಾಗಿಲು ತೆರೆದಿದೆಯೇ, ಗ್ರಾಮಸಭೆಯಲ್ಲಿ ಎದ್ದು ಕೇಳಿ.

ಮುಂದಿನ ಸಭೆಯಲ್ಲಿ ಉಳಿತಾಯ ಬರೆದ ಮೇಲೆ ಪುಸ್ತಕದಲ್ಲಿ ಇನ್ನೊಂದು ಹಾಳೆ ತೆಗೆಯಿರಿ. ಈ ವರ್ಷ ಯಾರು ಕೆಲಸಕ್ಕೆ ಸೇರಿದರು, ಯಾರು ಬಿಟ್ಟರು, ಬಿಡಿಸಿದವರು ಯಾರು, ಬರೆಯಿರಿ. ಕೆಲಸ ಬಿಟ್ಟಾಕೆಯ ಮನೆಗೆ ಇಬ್ಬರು ಹೋಗಿಬನ್ನಿ. ಅವನು ಮನೆಯಲ್ಲಿ ಇಲ್ಲದ ಹೊತ್ತು ನೋಡಿ ಹೋಗಿ.