ಅಲ್ಪವಿರಾಮದ ಬೆಲೆ

ಚನ್ನಪಟ್ಟಣದ ಗೊಂಬೆ ವ್ಯಾಪಾರಿಯೊಬ್ಬ ಹೊರದೇಶದವರಿಗೂ ಮಾರೋಣವೆಂದು ಆನ್‌ಲೈನ್ ಅಂಗಡಿ ತೆರೆದನೆಂದು ಇಟ್ಟುಕೊಳ್ಳಿ. ಹಾಲೆ ಮರದ ಗೊಂಬೆಗಳು, ಅರಗಿನ ಬಣ್ಣದ ಹೊಳಪು, ಚಿತ್ರಗಳೂ ಸೊಗಸಾಗಿವೆ. ಸಗಟು ಖರೀದಿಯ ಒಂದು ಪೆಟ್ಟಿಗೆಗೆ ಬೆಲೆ 1,250 ಯೂರೊ ಎಂದು ಹಾಕಿದ್ದಾನೆ. ಮದ್ದೂರಿನವರು ಓದಿದರೆ ಅದು ಸಾವಿರದ ಇನ್ನೂರೈವತ್ತು. ಬರ್ಲಿನ್‌ನ ಗಿರಾಕಿ ಓದಿದರೆ ಒಂದೂಕಾಲು!

ತಪ್ಪು ಯಾರದೂ ಅಲ್ಲ. ಜರ್ಮನಿಯಲ್ಲಿ ದಶಮಾಂಶಕ್ಕೆ ಅಲ್ಪವಿರಾಮ, ಸಾವಿರಕ್ಕೆ ಚುಕ್ಕಿ. ಅದೇ ಮೊತ್ತವನ್ನು ಅವರು 1.250,00 ಎಂದು ಬರೆಯುತ್ತಾರೆ. ನಮ್ಮ 1,25,000 ಕಂಡರೆ ಅಮೆರಿಕದವರಿಗೆ ಅಲ್ಪವಿರಾಮ ಕೈತಪ್ಪಿ ಬಿದ್ದಂತೆ ತೋರುತ್ತದೆ. ಲಕ್ಷದ ಲೆಕ್ಕ ಅವರಲ್ಲಿಲ್ಲ.

ಓದುವುದರಲ್ಲಿ ತಪ್ಪಾದರೆ ಗಿರಾಕಿ ಒಂದು ಮಾತು ಕೇಳಿ ತಿಳಿದುಕೊಂಡಾನು. ಹಣ ಮುರಿದುಕೊಳ್ಳುವಾಗ ತಪ್ಪಿದರೆ? ಕಾರ್ಡಿನಿಂದ ಹಣ ವಸೂಲು ಮಾಡಿಕೊಡುವ ಸಂಸ್ಥೆಗಳಲ್ಲಿ ಹಲವು ಮೊತ್ತವನ್ನು ಆಯಾ ನಾಣ್ಯದ ಅತಿ ಸಣ್ಣ ಘಟಕದಲ್ಲಿ ಕೇಳುತ್ತವೆ. 500 ರೂಪಾಯಿ ಎಂದರೆ 50000 ಪೈಸೆ ಎಂದು ಬರೆಯಬೇಕು. ಎಲ್ಲ ದೇಶದಲ್ಲೂ ಹೀಗೇ ಇರುತ್ತದೆಂದು ನೂರರಿಂದ ಗುಣಿಸಿಬಿಟ್ಟರೆ ಜಪಾನಿನ ಗಿರಾಕಿಯ ಗತಿ ಕೆಟ್ಟಿತು. ಯೆನ್‌ಗೆ ಚಿಲ್ಲರೆ ಘಟಕದ ಬಳಕೆಯೇ ಇಲ್ಲ. ಎರಡು ಸಾವಿರ ಯೆನ್‌ನ ಗೊಂಬೆಗೆ ಎರಡು ಲಕ್ಷ ಯೆನ್ ಕೇಳಿದಂತಾಗುತ್ತದೆ. ಕುವೈತ್ ದಿನಾರಿನದು ಇನ್ನೊಂದು ತಂಟೆ. ಅದರಲ್ಲಿ ಸಾವಿರ ಫಿಲ್ಸ್, ಹಾಗಾಗಿ ಚುಕ್ಕಿಯ ನಂತರ ಮೂರು ಅಂಕಿ ಬೇಕು. ಬರಿಯ ಡಾಲರ್ ಗುರುತು ಹಾಕಿ ಸುಮ್ಮನಾಗುವುದೂ ಸಲ್ಲದು. ಆಸ್ಟ್ರೇಲಿಯ, ಕೆನಡಾ, ಸಿಂಗಪುರಗಳಲ್ಲೂ ಓಡುವುದು ಡಾಲರೇ, ಬೆಲೆ ಮಾತ್ರ ಬೇರೆ ಬೇರೆ.

ಇನ್ನು ವಿಳಾಸ. ಆರಂಕಿಯ ಪಿನ್ ಕೋಡ್ 1972ರಿಂದ ನಮಗೆ ಎಷ್ಟು ಅಭ್ಯಾಸವಾಗಿದೆಯೆಂದರೆ, ಅದಿಲ್ಲದ ಊರನ್ನು ಊಹಿಸುವುದೂ ಕಷ್ಟ. ಹಾಂಗ್‌ಕಾಂಗ್‌ನಲ್ಲಿ ಅಂಚೆ ಸಂಕೇತವಿಲ್ಲ, ದುಬೈನಲ್ಲೂ ಇಲ್ಲ. ಪಿನ್ ತುಂಬದೆ ಮುಂದೆ ಬಿಡೆನೆಂದು ಅಂಗಡಿ ಹಟ ಹಿಡಿದರೆ ಗಿರಾಕಿ ಆರು ಸೊನ್ನೆ ಒತ್ತುತ್ತಾನೆ, ಇಲ್ಲವೇ ಎದ್ದು ಹೋಗುತ್ತಾನೆ. ಬ್ರಿಟನ್ನಿನ ಸಂಕೇತದಲ್ಲಿ ಅಕ್ಷರಗಳೂ ಇರುತ್ತವೆ. ಫೋನಿಗೆ ಹತ್ತು ಅಂಕಿ ಇರಲೇಬೇಕೆಂದರೆ ಸಿಂಗಪುರದವರ ಎಂಟು ಅಂಕಿ ಎಲ್ಲಿ ಹೋಗಬೇಕು? ಕೊನೆಯ ಹೆಸರು ಕಡ್ಡಾಯವೆನ್ನುವ ಚೌಕದ ಕಾಟವಂತೂ ಇನಿಶಿಯಲ್ ಇಟ್ಟುಕೊಂಡ ಕನ್ನಡಿಗರಿಗೆ ಹೊಸದಲ್ಲ. ಇಂಡೊನೇಷ್ಯಾದ ಅಧ್ಯಕ್ಷರಾಗಿದ್ದ ಸುಕಾರ್ನೊ, ಸುಹಾರ್ತೊ ಇಬ್ಬರಿಗೂ ಇದ್ದದ್ದು ಒಂದೊಂದೇ ಹೆಸರು. ಅವರಿಗೂ ಆ ಅಂಗಡಿಯಲ್ಲಿ ಗೊಂಬೆ ಸಿಗುತ್ತಿರಲಿಲ್ಲ.

05/03ರಂದು ತಲುಪುತ್ತದೆ ಎಂದರೆ ಇಲ್ಲಿ ಮಾರ್ಚ್ 5, ಅಮೆರಿಕದಲ್ಲಿ ಮೇ 3. ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆದರೆ ಮುಗಿಯಿತು.

ಭಾಷೆಯ ಬದಲು ಬಾವುಟದ ಚಿತ್ರ ಇಡುವ ಚಟ ಅನೇಕ ಅಂಗಡಿಗಳಿಗಿದೆ. ಸ್ವಿಟ್ಜರ್‌ಲೆಂಡಿನ ಬಾವುಟ ಒತ್ತಿದರೆ ಅಲ್ಲಿನ ನಾಲ್ಕು ರಾಷ್ಟ್ರಭಾಷೆಗಳಲ್ಲಿ ಯಾವುದು ಬರಬೇಕು? ಗಿರಾಕಿ ಕೂತಿರುವ ಜಾಗ ನೋಡಿ ಭಾಷೆ ಬದಲಿಸುವುದೂ ಅಷ್ಟೆ. ಮಗಳ ಬಾಣಂತನಕ್ಕೆ ಫ್ರಾಂಕ್‌ಫರ್ಟಿಗೆ ಹೋದ ಮಂಡ್ಯದ ತಾಯಿಗೆ ಜರ್ಮನ್ ಪುಟ ತೋರಿಸಿ ಪ್ರಯೋಜನವೇನು? ದೇಶ, ಭಾಷೆ, ನಾಣ್ಯ, ಈ ಮೂರನ್ನೂ ಬೇರೆ ಬೇರೆ ಆರಿಸಿಕೊಳ್ಳಲು ಬಿಡುವುದೇ ಲೇಸು.

ಕೊನೆಗೆ ನಿಜವಾದ ನಷ್ಟದ ಬಾಬ್ತು, ತೆರಿಗೆ. ನಮ್ಮ ಎಂಆರ್‌ಪಿಯಲ್ಲಿ ತೆರಿಗೆ ಸೇರಿರುತ್ತದೆ. ಅಮೆರಿಕದ ಅಂಗಡಿಗಳಲ್ಲಿ ಮಾರಾಟ ತೆರಿಗೆ ಸಾಮಾನ್ಯವಾಗಿ ಬಿಲ್ಲಿನ ಹೊತ್ತಿಗೆ ಸೇರುತ್ತದೆ. ಹೊರಗಿನಿಂದ ಬರುವ 22 ಯೂರೊವರೆಗಿನ ಸರಕಿಗೆ ಇದ್ದ ವ್ಯಾಟ್ ವಿನಾಯಿತಿಯನ್ನು ಐರೋಪ್ಯ ಒಕ್ಕೂಟ 2021ರ ಜುಲೈ 1ರಂದು ತೆಗೆದುಹಾಕಿತು. 800 ಡಾಲರ್‌ವರೆಗಿನ ಪಾರ್ಸೆಲ್‌ಗಳಿಗಿದ್ದ ಸುಂಕ ವಿನಾಯಿತಿಯನ್ನು ಅಮೆರಿಕ 2025ರ ಆಗಸ್ಟ್ 29ರಿಂದ ಎಲ್ಲ ದೇಶಗಳಿಗೂ ನಿಲ್ಲಿಸಿತು. ಇದನ್ನು ಮೊದಲೇ ಲೆಕ್ಕ ಹಾಕಿ ತೋರಿಸದಿದ್ದರೆ ಬಾಗಿಲಿಗೆ ಬಂದ ಅಂಚೆಯವನು ಗಿರಾಕಿಯಿಂದ ಹಣ ಕೇಳುತ್ತಾನೆ. ಮಗುವಿನ ಹುಟ್ಟುಹಬ್ಬಕ್ಕೆಂದು ತರಿಸಿದವರು ಸಿಟ್ಟಾಗಿ, ಬೇಡವೆಂದು ಬಾಗಿಲು ಹಾಕಿಕೊಳ್ಳುತ್ತಾರೆ. ಗೊಂಬೆ ಮತ್ತೆ ಸಮುದ್ರ ದಾಟಿ ಚನ್ನಪಟ್ಟಣಕ್ಕೆ ಬಂದರೆ, ಹೋಗುವ ಬರುವ ಎರಡೂ ಖರ್ಚು ವ್ಯಾಪಾರಿಯ ತಲೆಗೆ.

ಅಂಗಡಿ ತೆರೆಯುವ ಮುನ್ನ ಆತ ಒಂದು ಸಂಜೆ ಬಿಡುವು ಮಾಡಿಕೊಂಡು ಕುವೈತ್, ಟೋಕಿಯೊ, ಬರ್ಲಿನ್, ಹಾಂಗ್‌ಕಾಂಗ್‌ಗಳ ಗಿರಾಕಿಯಂತೆ ತನ್ನಲ್ಲೇ ಒಂದೊಂದು ಗೊಂಬೆ ಕೊಳ್ಳಲು ಹೋಗಿ ನೋಡಬಹುದು. ಯಾವ ಚೌಕದಲ್ಲಿ ಸಿಕ್ಕಿಬೀಳುತ್ತೇನೆಂದು ಆಗಲೇ ಗೊತ್ತಾಗುತ್ತದೆ.