ಗರಿಕೆ ಒಣಗಲಿ ಬಿಡಿ

ನಮ್ಮ ಕಾಲೇಜಿನ ಮೇನ್ ಬ್ಲಾಕ್ ಮುಂದೆ ಅರ್ಧ ಎಕರೆ ಹುಲ್ಲುಹಾಸು ಇದೆ. ಸುತ್ತ ಮೊಣಕಾಲೆತ್ತರದ ಸರಪಳಿ, ನಾಲ್ಕೂ ಮೂಲೆಯಲ್ಲಿ 'ಹುಲ್ಲಿನ ಮೇಲೆ ನಡೆಯಬೇಡಿ' ಅನ್ನೋ ಬೋರ್ಡು. ನಾಲ್ಕು ವರ್ಷ ಓದಿ ಹೋದ ಸೀನಿಯರ್‌ಗಳಲ್ಲಿ ಒಬ್ಬರಾದರೂ ಅದರ ಮೇಲೆ ಕೂತಿದ್ದಾಗಿ ನಾವು ಕೇಳಿಲ್ಲ. ಕಾಲೇಜಿನ ಬ್ರೋಷರ್ ಫೋಟೋದಲ್ಲಿ ಮಾತ್ರ ತುಂಬ ಚೆನ್ನಾಗಿ ಕಾಣುತ್ತೆ.

2024ರ ಮಾರ್ಚ್ ನೆನಪಿದೆಯಲ್ಲ? ಬೋರ್‌ವೆಲ್ ಬತ್ತಿ, ಹಾಸ್ಟೆಲ್‌ನಲ್ಲಿ ಬೆಳಿಗ್ಗೆ ಒಂದೂವರೆ ಗಂಟೆ ಮಾತ್ರ ನೀರು. ಇಂಟರ್ನಲ್ಸ್ ದಿನವೂ ಬಕೆಟ್ ಹಿಡಿದು ಕ್ಯೂ ನಿಂತಿದ್ದೆವು. ಅದೇ ತಿಂಗಳು ಬೆಂಗಳೂರು ಜಲಮಂಡಳಿ, ಕುಡಿಯುವ ನೀರನ್ನ ಗಾರ್ಡನ್‌ಗೆ ಬಿಟ್ಟರೆ, ಕಾರು ತೊಳೆದರೆ 5000 ರೂಪಾಯಿ ದಂಡ ಅಂತ ಆದೇಶ ಹೊರಡಿಸಿತು. ಮೇನ್ ಬ್ಲಾಕ್ ಮುಂದಿನ ಸ್ಪ್ರಿಂಕ್ಲರ್ ಮಾತ್ರ ಒಂದು ದಿನವೂ ನಿಲ್ಲಲಿಲ್ಲ. ತಪಾಸಣೆಗೆ ತಂಡ ಬರುವುದಿತ್ತು. ಕೇಳಿದ್ದಕ್ಕೆ 'ಅದು ಎಸ್‌ಟಿಪಿ ನೀರು ಕಣ್ರಪ್ಪ' ಅಂದರು. ಇರಬಹುದು. ಅದೇ ಎಸ್‌ಟಿಪಿ ನೀರನ್ನ ಹಾಸ್ಟೆಲ್ ಫ್ಲಶ್‌ಗೆ ತಿರುಗಿಸಿದ್ದರೆ ಒಳ್ಳೆ ನೀರು ಸ್ನಾನಕ್ಕೆ ಉಳೀತಿತ್ತು. ಪೈಪು ಹೇಗೆ ಎಳೀಬೇಕು ಅಂತ ಹೇಳಿಕೊಡುವ ಡಿಪಾರ್ಟ್‌ಮೆಂಟೇ ನಮ್ಮಲ್ಲಿದೆ.

ಲೆಕ್ಕ ಕಷ್ಟದ್ದಲ್ಲ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಒಂದು ಲೀಟರ್. ಬೆಂಗಳೂರಿನ ಬೇಸಿಗೆಯಲ್ಲಿ ಹಸಿರಾಗಿಯೇ ಇರಬೇಕು ಅಂತ ಹಟ ಹಿಡಿದ ಹುಲ್ಲಿಗೆ ದಿನಕ್ಕೆ ಮೂರು ಮಿಲಿಮೀಟರ್ ಹತ್ತಿರ ಬೇಕು. ಅರ್ಧ ಎಕರೆ ಅಂದರೆ ಸುಮಾರು 2000 ಚದರ ಮೀಟರ್. ಅಂದರೆ ದಿನಕ್ಕೆ 6000 ಲೀಟರ್, ಸರಿಯಾಗಿ ಒಂದು ಸಣ್ಣ ಟ್ಯಾಂಕರ್. 20 ಲೀಟರ್ ಬಕೆಟ್ ಲೆಕ್ಕದಲ್ಲಿ 300 ಜನರ ಸ್ನಾನ.

ಹುಲ್ಲುಹಾಸು ತೆಗೆದುಹಾಕಿ ಕಾಂಕ್ರೀಟ್ ಸುರಿಯಿರಿ ಅಂತ ನಾವು ಹೇಳ್ತಿಲ್ಲ. ನಮ್ಮ ಬೇಡಿಕೆ ಬೇರೆ. ಆ ಜಾಗದಲ್ಲಿ ನರ್ಸರಿಯಿಂದ ಚಾಪೆ ಥರ ತಂದು ಹಾಸಿದ ಮೆಕ್ಸಿಕನ್ ಗ್ರಾಸ್ ಬದಲು ಗರಿಕೆ ಬೀಜ ಬಿತ್ತಬೇಕು. ಸರಪಳಿ ಬಿಚ್ಚಬೇಕು. ಮತ್ತು ಬೇಸಿಗೆಯಲ್ಲಿ ಅದು ಒಣಗಿದರೆ ಒಣಗಲು ಬಿಡಬೇಕು. ಮೊದಲೆರಡಕ್ಕೆ ಹೆಚ್ಚು ಜನ ತಲೆ ಆಡಿಸ್ತಾರೆ. ಮೂರನೆಯದಕ್ಕೆ ಬಂದ ಕೂಡಲೆ ಮುಖ ಗಂಟಾಗುತ್ತೆ.

ಗರಿಕೆ ಅಂದರೆ ಗಣೇಶನಿಗೆ ಏರಿಸುವ ಅದೇ ಗರಿಕೆ. ಇಂಗ್ಲಿಷಿನಲ್ಲಿ ಬರ್ಮುಡಾ ಗ್ರಾಸ್ ಅಂತಾರೆ, ಸಸ್ಯಶಾಸ್ತ್ರದವರು ಸೈನೋಡಾನ್ ಡ್ಯಾಕ್ಟಿಲಾನ್ ಅಂತಾರೆ. ದೇಶದ ಎಷ್ಟೋ ಕ್ರಿಕೆಟ್ ಮೈದಾನಗಳಲ್ಲಿರೋದು ಇದರ ಜಾತಿಯೇ. ಬೇರು ಮೀಟರಿಗಿಂತ ಆಳ ಹೋಗಬಲ್ಲದು. ನೀರು ಸಿಗದಿದ್ದರೆ ಮೇಲಿನ ಎಲೆ ಬಿಟ್ಟುಕೊಟ್ಟು ನೆಲದೊಳಗಿನ ಕಾಂಡದಲ್ಲಿ ಜೀವ ಇಟ್ಟುಕೊಂಡು ಮಲಗುತ್ತೆ, ಮಳೆ ಬಿದ್ದರೆ ವಾರದಲ್ಲಿ ಏಳುತ್ತೆ. ಅದು ಸತ್ತಿರೋದಿಲ್ಲ, ಅಷ್ಟೇ.

ಇದನ್ನ ಪುಸ್ತಕ ಓದಿ ಹೇಳ್ತಿಲ್ಲ. ಕಳೆದ ವರ್ಷ ಸಂಘದ ಏಳು ಜನ ಸೇರಿ ಹಾಸ್ಟೆಲ್ ಮೆಸ್ಸಿನ ಹಿಂದೆ ಹತ್ತು ಮೀಟರ್ ಉದ್ದ, ಆರು ಮೀಟರ್ ಅಗಲದ ಜಾಗದಲ್ಲಿ ಗರಿಕೆ ಬಿತ್ತಿದೆವು. ಮುರಿದ ಮಂಚ, ಕಾಂಗ್ರೆಸ್ ಗಿಡ, ಇಟ್ಟಿಗೆ ಚೂರು ತುಂಬಿದ್ದ ಜಾಗ ಅದು. ವಿಷಯ ತಿಳಿದ ದಿನ ನಮ್ಮಲ್ಲೊಬ್ಬನ ಅಪ್ಪ ಪಾವಗಡದಿಂದ ಫೋನಿನಲ್ಲೇ ಬೈದರು: 'ಹೊಲದಾಗೆ ಗರಿಕೆ ಕಿತ್ತು ಕಿತ್ತು ನನ್ನ ಸೊಂಟ ಬಿದ್ದೋಗೈತೆ. ನೀನು ದುಡ್ಡು ಕೊಟ್ಟು ಬೀಜ ತಂದು ಬಿತ್ತೀಯಾ? ಇದಕ್ಕಾ ನಿನ್ನ ಇಂಜಿನಿಯರಿಂಗ್‌ಗೆ ಕಳಿಸಿದ್ದು?' ಅವರ ಮಾತು ಪೂರ್ತಿ ಸರಿ. ಹೊಲದಲ್ಲಿ ಶತ್ರುವಾಗಿರೋ ಗುಣವೇ, ಅಂದರೆ ತುಳಿದರೂ ಕೊಯ್ದರೂ ಸಾಯದ ಹಟವೇ, ನಮಗೆ ಬೇಕಾಗಿದ್ದದ್ದು.

ಮೊದಲ ಸಲ ಸೋತೆವು. ಜೂನ್ ಮೊದಲ ವಾರ ಮಣ್ಣು ಕೆದಕಿದ್ದೇ ತಡ, ಅರ್ಧ ಕೆಜಿ ಬೀಜ ಕೈಯಲ್ಲಿ ಎರಚಿ, ಫೋಟೋ ತೆಗೆದು ಸ್ಟೇಟಸ್ ಹಾಕಿದೆವು. ಗರಿಕೆ ಬೀಜ ರಾಗಿಗಿಂತ ಎಷ್ಟೋ ಸಣ್ಣದು, ಒಂದು ಗ್ರಾಂನಲ್ಲಿ ಸಾವಿರಾರು ಇರುತ್ತೆ. ಮೂರನೇ ರಾತ್ರಿ ಜೋರು ಮಳೆ. ಬೀಜ ಎಲ್ಲ ಇಳಿಜಾರಿಗೆ ಹರಿದು ಮೋರಿ ಪಕ್ಕ ಗುಡ್ಡೆ ಬಿತ್ತು. ಮುಂದೆ ಮೋರಿ ಅಂಚಿನಲ್ಲಿ ಮಾತ್ರ ಗಡ್ಡದ ಥರ ದಟ್ಟ ಹುಲ್ಲು, ಉಳಿದ ಕಡೆ ಇರುವೆ ಸಾಲು ಮತ್ತು ಮತ್ತೆ ಅದೇ ಕಾಂಗ್ರೆಸ್ ಗಿಡ.

ಆಗ ನಮ್ಮ ಮಾಲಿ ತಾತ ಬಂದರು. ಮೇನ್ ಬ್ಲಾಕಿನ ಹುಲ್ಲುಹಾಸನ್ನ ನೋಡಿಕೊಳ್ಳೋರೂ ಅವರೇ. 'ಬಿತ್ತೋದು ಕೊನೇ ಕೆಲಸ ಕಣಪ್ಪ, ನೀವು ಮೊದಲೇ ಮಾಡಿಬಿಟ್ರಿ' ಅಂದರು. ಅವರು ಹೇಳಿದ ಹಾಗೆ ನೆಲವನ್ನ ನಾಲ್ಕು ಇಂಚು ಅಗೆದು, ಕಲ್ಲು ಆಯ್ದು, ಕೊಟ್ಟಿಗೆ ಗೊಬ್ಬರ ಬೆರೆಸಿ, ಉದ್ದನೆಯ ಹಲಗೆ ಎಳೆದು ಮಟ್ಟ ಮಾಡಿದೆವು. ಕಟ್ಟಡದ ಕಡೆಯಿಂದ ಆಚೆಗೆ ಸ್ವಲ್ಪವೇ ಇಳಿಜಾರು. ಸರ್ವೇ ಲ್ಯಾಬಿನ ಲೆವೆಲ್ ತಂದು ನೋಡಿದ್ದೂ ಆಯಿತು, ತಾತ ಕಣ್ಣಳತೆಯಲ್ಲೇ ಹೇಳಿದ್ದು ಸರಿಯಿತ್ತು. ಆಮೇಲೆ ಬಿತ್ತದೆ ಬರೀ ನೀರು ಬಿಟ್ಟು ಹತ್ತು ದಿನ ಕಾದೆವು. ಮಣ್ಣಲ್ಲಿದ್ದ ಕಳೆ ಬೀಜ ಎಲ್ಲ ಮೊಳೆತು ಮೇಲೆ ಬಂತು. ಅದನ್ನ ಕಿತ್ತು ಹಾಕಿದ ಮೇಲೆಯೇ ನಮ್ಮ ಬೀಜದ ಸರದಿ. ಈ ಹತ್ತು ದಿನ ಕಾಯೋ ತಾಳ್ಮೆ ಇದ್ದರೆ ಮುಂದೆ ಆರು ತಿಂಗಳು ಕಳೆ ಕೀಳೋದು ತಪ್ಪುತ್ತೆ. ಇಡೀ ಕೆಲಸದಲ್ಲಿ ನಾವು ಕಲಿತ ದೊಡ್ಡ ಪಾಠ ಇದು.

ಜುಲೈ ಮೊದಲ ವಾರ ಎರಡನೇ ಬಿತ್ತನೆ. ಚದರ ಮೀಟರಿಗೆ ಎಂಟು ಗ್ರಾಂ ಲೆಕ್ಕ. ಒಂದು ಪಾಲು ಬೀಜಕ್ಕೆ ನಾಲ್ಕು ಪಾಲು ಒಣ ಮರಳು ಬೆರೆಸಿ, ಅರ್ಧ ಉದ್ದಕ್ಕೆ, ಇನ್ನರ್ಧ ಅಡ್ಡಕ್ಕೆ ಚೆಲ್ಲಿದೆವು. ಅರ್ಧ ಸೆಂಟಿಮೀಟರಿಗಿಂತ ಆಳ ಹೋದರೆ ಮೊಳಕೆ ಮೇಲೆ ಬರಲ್ಲ, ಹಾಗಾಗಿ ರೇಕಿನಲ್ಲಿ ಸುಮ್ಮನೆ ಸವರಿ, ಹಲಗೆ ಇಟ್ಟು ಅದರ ಮೇಲೆ ನಡೆದು ಒತ್ತಿದೆವು. ಮೇಲೆ ಜರಡಿ ಹಿಡಿದ ತೆಂಗಿನ ನಾರಿನ ಪುಡಿ, ತೆಳ್ಳಗೆ. ಮಳೆ ಇಲ್ಲದ ದಿನ ಮೂರು ಹೊತ್ತು, ರೋಸ್ ಕ್ಯಾನಿನಲ್ಲಿ, ಮಣ್ಣಿನ ಮೇಲ್ಪದರ ಒದ್ದೆಯಾಗುವಷ್ಟೇ ನೀರು. ಸಿಪ್ಪೆ ತೆಗೆದ ಬೀಜ ಕೊಂಡಿದ್ದರಿಂದ ಒಂಬತ್ತನೇ ದಿನಕ್ಕೆ ಹಸಿರು ಕಂಡಿತು. ಸಿಪ್ಪೆ ಇರುವ ಬೀಜ ಇನ್ನೂ ನಿಧಾನ, ಅಂಗಡಿಯಲ್ಲಿ ಕೇಳಿ ತೊಗೊಳ್ಳಿ.

'ಹೊಲದ ಗರಿಕೆಯನ್ನೇ ಬೇರುಸಮೇತ ತಂದು ನೆಟ್ಟರೆ ಬರಲ್ವಾ' ಅಂತ ಹಲವರು ಕೇಳಿದ್ರು. ಬರುತ್ತೆ. ಆದರೆ ಜೊತೆಗೆ ಜೇಕಿನ ಗಡ್ಡೆಯೂ ಬರುತ್ತೆ. ಅದು ಒಮ್ಮೆ ಬಂದರೆ ನಾವು ಡಿಗ್ರಿ ಮುಗಿಸಿ ಹೋದರೂ ಅದು ಹೋಗಲ್ಲ.

ಆ ಎರಡು ತಿಂಗಳು ನಾವೂ ಹಗ್ಗ ಕಟ್ಟಿ 'ದಯವಿಟ್ಟು ಕಾಲಿಡಬೇಡಿ' ಅಂತ ರಟ್ಟಿನ ಬೋರ್ಡು ಹಾಕಿದ್ದೆವು. ಫೈನಲ್ ಇಯರಿನವರು ನೋಡಿ ನಕ್ಕಿದ್ದೂ ನಿಜ. ವ್ಯತ್ಯಾಸ ಇಷ್ಟೇ, ನಮ್ಮ ಬೋರ್ಡಿನ ಮೇಲೆ ತೆಗೆಯುವ ತಾರೀಖು ಬರೆದಿತ್ತು. ಆಗಸ್ಟಿನಲ್ಲಿ ಮೊದಲ ಸಲ ಹುಲ್ಲು ಕತ್ತರಿಸಿದೆವು. ಒಮ್ಮೆಗೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು. ಕತ್ತರಿಸಿದ್ದನ್ನ ಅಲ್ಲೇ ಬಿಟ್ಟರೆ ಅದೇ ಗೊಬ್ಬರ. ಸೆಪ್ಟೆಂಬರ್ 7ಕ್ಕೆ ಗಣೇಶನ ಹಬ್ಬ, ಹಾಸ್ಟೆಲ್ ಗಣಪನಿಗೆ ಇಪ್ಪತ್ತೊಂದು ಗರಿಕೆ ಅಲ್ಲಿಂದಲೇ ಕಿತ್ತೆವು. ಅವತ್ತೇ ಹಗ್ಗ ಬಿಚ್ಚಿದೆವು.

ಕಡಿಮೆ ಆರೈಕೆಯ ಹುಲ್ಲು ಅಂದರೆ ಆರೈಕೆಯೇ ಬೇಡದ್ದು ಅಂತಲ್ಲ. ದುಡಿಮೆ ಎಲ್ಲ ಮೊದಲ ಎರಡು ತಿಂಗಳಲ್ಲಿ ಮುಗಿಯುತ್ತೆ ಅಂತ. ಮೇನ್ ಬ್ಲಾಕಿನ ಅರ್ಧ ಎಕರೆಗೆ ಮೊಳಕೆ ಕಾಲದ ಮೂರು ವಾರ ಮಳೆ ಕೈಕೊಟ್ಟರೆ ದಿನಕ್ಕೆ ಅದೇ 6000 ಲೀಟರ್ ಬೇಕಾದೀತು, ಸುಳ್ಳು ಹೇಳಲ್ಲ. ಆದರೆ ಅದು ಮೂರು ವಾರ ಮಾತ್ರ, ಅದೂ ಮುಂಗಾರಿನಲ್ಲಿ. ನಮ್ಮ ತುಂಡಿಗೆ ನವೆಂಬರ್‌ನಿಂದ ಇಲ್ಲಿಯತನಕ ನೀರು ಬಿಟ್ಟಿದ್ದು ಮೂರೇ ಸಲ. ಮಳೆಗಾಲದಲ್ಲಿ ಹತ್ತು ಹನ್ನೆರಡು ದಿನಕ್ಕೊಮ್ಮೆ ಕತ್ತರಿಸಿದ್ದು ಬಿಟ್ಟರೆ ಚಳಿಗಾಲದಲ್ಲಿ ತಿಂಗಳಿಗೊಮ್ಮೆ ಸಾಕಾಯಿತು. ಔಷಧಿ ಹೊಡೆದಿಲ್ಲ.

ಗರಿಕೆಗೂ ಆಗದ ಜಾಗ ಇದೆ. ನೆರಳು ಅದಕ್ಕೆ ಆಗಲ್ಲ. ಲೈಬ್ರರಿ ಪಕ್ಕದ ಮಳೆಮರದ ಕೆಳಗೆ ಬಿತ್ತಿದರೆ ದುಡ್ಡು ದಂಡ, ಅಲ್ಲಿ ಉದುರಿದ ಎಲೆಯನ್ನೇ ಹಾಸಾಗಿ ಬಿಡಿ. ದಿನಾ ಸಾವಿರ ಜನ ಒಂದೇ ಗೆರೆಯಲ್ಲಿ ತುಳಿದರೆ ಅದೂ ಸೋಲುತ್ತೆ. ಮೇನ್ ಗೇಟಿನಿಂದ ಮೆಕ್ಯಾನಿಕಲ್ ಬ್ಲಾಕಿಗೆ ಎಲ್ಲರೂ ಅಡ್ಡ ಹಾಯೋ ದಾರಿ ಯಾವುದು ಅಂತ ಎಲ್ಲರಿಗೂ ಗೊತ್ತು. ಅಲ್ಲಿ ಸೈಜುಗಲ್ಲು ಹಾಕಿ ದಾರಿ ಮಾಡಿಬಿಡೋದೇ ಲೇಸು. ಹೂವಿನ ಪಾತಿಗೆ ನುಗ್ಗದ ಹಾಗೆ ಅಂಚಿಗೆ ಕಲ್ಲೂ ಕೂರಿಸಬೇಕು, ಇಲ್ಲದಿದ್ದರೆ ಪಾವಗಡದ ಅಪ್ಪನ ಸೊಂಟದ ಕತೆ ನಮ್ಮ ಮಾಲಿ ತಾತಂದೂ ಆಗುತ್ತೆ.

ಉಳಿದಿದ್ದು ಬಣ್ಣದ ಜಗಳ. 'ಕಂಪನಿಯವರು ಬಂದಾಗ ಒಣಗಿದ ಹುಲ್ಲು ಕಂಡರೆ ಏನಂದ್ಕೋತಾರೆ?' ಪ್ಲೇಸ್‌ಮೆಂಟ್ ಜೋರಾಗಿ ನಡೆಯೋದು ಏಳನೇ ಸೆಮ್‌ನಲ್ಲಿ, ಆಗಸ್ಟ್‌ನಿಂದ. ಗರಿಕೆ ವರ್ಷದಲ್ಲೇ ಅತಿ ಹಸಿರಾಗಿರೋ ಕಾಲ ಅದು. ಒಣಗಿರೋದು ಮಾರ್ಚ್‌ನಿಂದ ಮುಂಗಾರಿಗೆ ಮುಂಚಿನ ಮಳೆ ಬೀಳೋತನಕ. ಆಗ ಕಾಲೇಜು ನೋಡೋಕೆ ಬರೋ ಅಪ್ಪಅಮ್ಮಂದಿರ ಕಣ್ಣಿಗೆ ಕಂದು ನೆಲ ಬೀಳುತ್ತೆ, ಅದು ಹೌದು. ಆದರೆ ಅವರಲ್ಲಿ ಎಷ್ಟು ಜನರ ಮನೆಯಲ್ಲಿ ಆ ತಿಂಗಳು ನೀರು ಸರಿಯಾಗಿ ಬರ್ತಿರುತ್ತೆ? ಹಾಸ್ಟೆಲ್ ನಲ್ಲಿ ತಿರುಗಿಸಿ ನೋಡುವ ತಾಯಂದಿರನ್ನ ನಾವು ಕಂಡಿದ್ದೀವಿ, ಹುಲ್ಲಿನ ಬಣ್ಣ ನೋಡಿ ವಾಪಸ್ ಹೋದವರನ್ನ ಕಂಡಿಲ್ಲ. ವರ್ಷವಿಡೀ ಹಸಿರಾಗಿರಬೇಕು ಅನ್ನೋ ಆಸೆ ಬಂದಿದ್ದು ವರ್ಷವಿಡೀ ತುಂತುರು ಬೀಳೋ ಊರಿಂದ. ವಿಂಬಲ್ಡನ್ ಅಂಗಳದ ರೈ ಗ್ರಾಸನ್ನ ಇಲ್ಲಿಯ ಏಪ್ರಿಲ್ ಬಿಸಿಲಿಗೆ ತಂದು ಹಾಕಿದರೆ ಏನಾಗುತ್ತೆ ಅಂತ ತಾತನನ್ನೇ ಕೇಳಿ.

ಇನ್ನೂ ಗಟ್ಟಿ ಆಕ್ಷೇಪಣೆ ನಮ್ಮ ಪರಿಸರ ಕ್ಲಬ್ಬಿನ ಗೆಳೆಯರದ್ದು: ಹುಲ್ಲುಹಾಸೇ ಯಾಕೆ, ಹೊಂಗೆ, ಬೇವು ನೆಡಬಾರದಾ? ಅಂಚಿನಲ್ಲಿ ಖಂಡಿತ ನೆಡೋಣ, ಗುಂಡಿ ನಾವೇ ತೋಡ್ತೀವಿ. ನಡುವಿನ ಬಯಲು ಮಾತ್ರ ಬಯಲಾಗಿಯೇ ಇರಲಿ. ಇಷ್ಟು ದೊಡ್ಡ ಕ್ಯಾಂಪಸ್ಸಿನಲ್ಲಿ ಐವತ್ತು ಜನ ದುಡ್ಡು ಕೊಡದೆ, ಪರ್ಮಿಷನ್ ಕೇಳದೆ, ವೃತ್ತವಾಗಿ ಕೂತು ಮಾತಾಡೋ ಒಂದು ಜಾಗ ತೋರಿಸಿ ನೋಡೋಣ.

ಇದನ್ನ ಬರೀತಿರೋದು 2025ರ ಏಪ್ರಿಲ್‌ನಲ್ಲಿ. ಮೆಸ್ಸಿನ ಹಿಂದಿನ ತುಂಡು ಈಗ ಗೋಣಿಚೀಲದ ಬಣ್ಣಕ್ಕೆ ತಿರುಗಿದೆ, ಕೂತರೆ ಪ್ಯಾಂಟಿಗೆ ಸ್ವಲ್ಪ ಚುಚ್ಚುತ್ತೆ. ನಿನ್ನೆ ಸಂಜೆ ಹದಿನೇಳು ಜನ ಕೂತಿದ್ದರು, ಒಬ್ಬ ಮಲಗಿ ನಿದ್ದೆಯನ್ನೂ ಮಾಡ್ತಿದ್ದ. ಮೇನ್ ಬ್ಲಾಕಿನ ಹುಲ್ಲು ಹಸಿರಾಗಿತ್ತು, ಮೇಲೆ ಯಾರೂ ಇರಲಿಲ್ಲ.

ಪ್ರಿನ್ಸಿಪಾಲ್ ಸರ್‌ಗೆ ಅರ್ಜಿ ಕೊಟ್ಟಿದ್ದೀವಿ. ಅರ್ಧ ಎಕರೆಗೆ 16 ಕೆಜಿ ಬೀಜ, ಎರಡು ಲೋಡು ಕೊಟ್ಟಿಗೆ ಗೊಬ್ಬರ, ಎಂಟು ವಾರದ ಹಗ್ಗ. ಅಗೆಯೋದು, ಕಳೆ ಕೀಳೋದು, ಮೂರು ಹೊತ್ತು ನೀರು ಹಾಕೋದು ಸಂಘದ ಜವಾಬ್ದಾರಿ, ಪಾಳಿ ಪಟ್ಟಿಯಲ್ಲಿ ಈಗಾಗಲೇ ನಲವತ್ತು ಹೆಸರಿದೆ. ಪೂರ್ತಿ ಅರ್ಧ ಎಕರೆ ಕೊಡೋಕೆ ಮನಸ್ಸಿಲ್ಲ ಅಂದರೆ ಫ್ಲ್ಯಾಗ್ ಪೋಸ್ಟಿನ ಎಡಗಡೆ ಭಾಗ ಮಾತ್ರ ಒಂದು ವರ್ಷಕ್ಕೆ ಕೊಡಲಿ, ಬಲಗಡೆ ಈಗಿನ ಹುಲ್ಲೇ ಇರಲಿ. ಎರಡಕ್ಕೂ ಬೇರೆಬೇರೆ ವಾಟರ್ ಮೀಟರ್ ಕೂರಿಸಿ ತಿಂಗಳ ರೀಡಿಂಗ್ ಇದೇ ಪತ್ರಿಕೆಯಲ್ಲಿ ಹಾಕ್ತೀವಿ. ಮಾಲಿ ತಾತ ಒಪ್ಪಿದ್ದಾರೆ. ಅವರದ್ದು ಒಂದೇ ಷರತ್ತು: ಈ ಸಲ ಬಿತ್ತೋ ದಿನವನ್ನ ಅವರು ಹೇಳ್ತಾರೆ, ನಾವಲ್ಲ.