ಪೇಟಿ ಕೇಳತೈತಿ, ಮಾತು ತಿಳಿಯಂಗಿಲ್ಲ

ನಮ್ಮ ಮರಳಿ ಕಡೆ ನಾಟಕ ಅಂದ್ರೆ ಇವತ್ತಿಗೂ ಹಿರಿಯರು ಹೊತ್ತಿಗೆ ಮುಂಚೆ ಬಂದು ಜಾಗ ಹಿಡಿಯುತ್ತಾರೆ. ಆಮೇಲೆ ಕೇಳಿ ನೋಡ್ರಿ, "ಪೇಟಿ ಕೇಳತೈತಿ, ತಬಲಾ ಕೇಳತೈತಿ, ಮಾತು ತಿಳಿಯಂಗಿಲ್ಲ" ಅಂತಾರೆ. ವಯಸ್ಸಾಯ್ತು, ಕಿವಿ ಮಂದ ಆಗೇತಿ ಅಂತ ನಾವು ಸುಮ್ಮನಾಗುತ್ತೇವೆ. ವಯಸ್ಸಾದಂತೆ ಟ್ರೆಬಲ್ ಕೇಳುವ ಶಕ್ತಿಯೇ ಮೊದಲು ಇಳಿಯುವುದು, ಅದು ನಿಜ. ಆದರೆ ಎಷ್ಟೋ ಸಲ ತಪ್ಪು ಸ್ಪೀಕರ್ ಡಬ್ಬಿಯೊಳಗೂ ಇರುತ್ತದೆ.

ಬೇಸ್‌ ಸದ್ದಿಗೆ ಅಗಲವಾದ ಕೋನ್ ಬೇಕು, ಟ್ರೆಬಲ್‌ಗೆ ಹಗುರವಾದ ತೆಳು ಹಾಳೆ. ಯಾರ ಪಾಲು ಯಾರಿಗೆ ಅಂತ ಹಂಚುವುದೇ ಕ್ರಾಸ್‌ಓವರ್. ಕಾಯಿಲ್ ಬೇಸ್‌ಗೆ ದಾರಿ ಬಿಡುತ್ತದೆ, ಕೆಪಾಸಿಟರ್ ಟ್ರೆಬಲ್‌ಗೆ. ಅಷ್ಟೇ.

ಇದನ್ನು ಬಹಳ ಚಂದ ಬಳಸಿದವನು ಅಮೆರಿಕದ ಡಾನ್ ಲೆಸ್ಲಿ. 1940ರ ದಶಕದಲ್ಲಿ ಹ್ಯಾಮಂಡ್ ಆರ್ಗನ್ನಿಗಾಗಿ ಅವನು ಮಾಡಿದ ಮರದ ಕಪಾಟಿನಂಥ ಸ್ಪೀಕರ್‌ನಲ್ಲಿ 800 ಹರ್ಟ್ಜ್‌ ಗಡಿ. ಅದರ ಮೇಲಿನ ಸದ್ದು ತಿರುಗುವ ಕೊಂಬಿಗೆ. ಕೆಳಗಿನದು 15 ಇಂಚಿನ ಸ್ಪೀಕರ್‌ನಿಂದ ನೆಲದ ಕಡೆ ಇಳಿದು, ತಿರುಗುವ ಡ್ರಮ್ಮಿನ ಮೂಲಕ ಹೊರಗೆ. ಕೊಂಬುಗಳು ಎರಡು ಕಾಣುತ್ತವೆ, ಸದ್ದು ಬರುವುದು ಒಂದರಿಂದ ಮಾತ್ರ! ಇನ್ನೊಂದು ತೂಕ ಸಮ ಇರಲಿ ಅಂತ. ಹಂಚಿಕೆ ಯಾಕೆ ಅಂದ್ರೆ, 80 ಹರ್ಟ್ಜ್‌ ಅಲೆಯ ಉದ್ದ ನಾಲ್ಕು ಮೀಟರ್ ದಾಟುತ್ತದೆ, ಅದು ಎಲ್ಲಾ ಕಡೆ ಹರಡಿಬಿಡುತ್ತದೆ. ಟ್ರೆಬಲ್ ಮಾತ್ರ ಬ್ಯಾಟರಿ ಬೆಳಕಿನ ಹಾಗೆ, ಮುಖ ಮಾಡಿದ ಕಡೆಗೇ ಹೋಗುತ್ತದೆ. ಅದಕ್ಕೇ ಕೊಂಬು ತಿರುಗಿದಾಗ ದನಿ ಅಲೆ ಅಲೆಯಾಗಿ ಬರುವುದು.

ನಮ್ಮ ಬಾಡಿಗೆ ಡಬ್ಬಿಯಲ್ಲಿ ಏನೂ ತಿರುಗುವುದಿಲ್ಲ, ಲೆಕ್ಕ ಮಾತ್ರ ಅದೇ. 8 ಓಮ್ ಟ್ವೀಟರ್‌ಗೆ 4.7 ಮೈಕ್ರೋಫ್ಯಾರಡ್ ಕೆಪಾಸಿಟರ್ ಇದ್ದರೆ ಗಡಿ ಸುಮಾರು 4200 ಹರ್ಟ್ಜ್‌. ಅದು ಕೆಟ್ಟಾಗ ಕೈಗೆ ಸಿಕ್ಕ 10ರದ್ದು ಹಾಕಿದರೆ ಗಡಿ 2000ಕ್ಕೆ ಇಳಿಯುತ್ತದೆ. ತನ್ನದಲ್ಲದ ಭಾರ ಹೊತ್ತು ಟ್ವೀಟರ್ ಸುಡುತ್ತದೆ. ಕೆಪಾಸಿಟರ್ ಇಲ್ಲದೆ ನೇರ ವೈರ್ ಕೊಟ್ಟರಂತೂ ಮುಗಿದೇ ಹೋಯ್ತು. ಸುಟ್ಟದ್ದು ತಕ್ಷಣ ಗೊತ್ತಾಗುವುದಿಲ್ಲ, ಬೇಸ್ ಗುಂಯ್ ಅಂತಲೇ ಇರುತ್ತದಲ್ಲ! ಆದರೆ ಸ, ಶ, ಚ ಅಕ್ಷರಗಳ ಮೊನೆ ಇರುವುದೇ ಆ ಮೇಲಿನ ಪಾಲಿನಲ್ಲಿ. "ಸಂತೆ" ಎಂದರೂ "ಅಂತೆ" ಕೇಳಿಸುತ್ತದೆ. ಮಾತು ತಿಳಿಯಲಿಲ್ಲ ಅಂತ ವಾಲ್ಯೂಮ್ ಏರಿಸಿದರೆ ಎದೆ ನಡುಗುತ್ತದೆಯೇ ಹೊರತು ಮಾತು ಬಿಡಿಸಿಕೊಳ್ಳುವುದಿಲ್ಲ. ಇದೆಲ್ಲಾ ಒಂದೆರಡು ಚಹಾದ ದುಡ್ಡಿಗೆ ಸಿಗುವ ಸಾಮಾನಿನ ಸಲುವಾಗಿ ನೋಡ್ರಿ.

ಮುಂದಿನ ಸಲ ಸೌಂಡ್‌ನವರು ಸಂಜೆ "ಹಲೋ, ಮೈಕ್ ಟೆಸ್ಟಿಂಗ್" ಅನ್ನುವಾಗ ಅಜ್ಜ ಅಜ್ಜಿ ಯಾರನ್ನಾದರೂ ಕೊನೆಯ ಸಾಲಿನಲ್ಲಿ ಕೂರಿಸಿ. ಮೈಕಿನಲ್ಲಿ "ಸಸಿ, ಶಂಖ, ಚೌಕಾಸಿ" ಅಂತ ಹೇಳಿಸಿ, ಕೇಳಿದ್ದನ್ನು ಅವರು ತಿರುಗಿ ಹೇಳಲಿ. ತಪ್ಪಿದರೆ, ಮೊದಲು ಡಬ್ಬಿಯ ಹಿಂದಿನ ಸ್ಕ್ರೂ ಬಿಚ್ಚಲು ಹೇಳ್ರಿ.